ಮಂಗಳೂರಿನ ಮನೆಗೆ ಯಾವ ಕಾಫಿ ಮೇಕರ್ ತಗೊಳ್ಳಲಿ?

ಮಂಗಳೂರಿನ ಫ್ಲ್ಯಾಟ್‌ಗೆ ಹೊಸದಾಗಿ ಬಂದಿದ್ದೀರಿ, ಮನೆಯಲ್ಲಿ ಇಬ್ಬರೇ, ಬೆಳಗ್ಗೆ ಸಂಜೆ ಹಾಲು ಹಾಕಿದ ಕಾಫಿಯೇ ಆಗಬೇಕು, ಊರಿನಿಂದ ಅಪ್ಪ ಅಮ್ಮ ಆಗಾಗ ಬರುತ್ತಾರೆ. ಐದಾರು ಸಾವಿರದೊಳಗೆ ಯಾವ ಎಲೆಕ್ಟ್ರಿಕ್ ಕಾಫಿ ಮೇಕರ್ ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಉಡುಪಿಯವಳು, ನಮ್ಮದೂ ಹಾಲು ಕಾಫಿಯ ಮನೆ. ನಾನಾದರೆ ಎಲೆಕ್ಟ್ರಿಕ್ ಬಿಟ್ಟು ಒಳ್ಳೆಯ ಸ್ಟೀಲ್ ಫಿಲ್ಟರ್ ತಗೊಳ್ಳುತ್ತೇನೆ, ಉಳಿದ ದುಡ್ಡನ್ನು ಪುಡಿಗೆ ಹಾಕುತ್ತೇನೆ.

ಆ ಬೆಲೆಗೆ ಸಿಗುವ ಮೆಷಿನ್‌ಗಳಲ್ಲಿ ಜಾಸ್ತಿ ಇರುವುದು ಡ್ರಿಪ್ ಮೇಕರ್, ಅಂದರೆ ಪುಡಿಯ ಮೇಲೆ ಬಿಸಿ ನೀರು ತೊಟ್ಟಿಕ್ಕಿಸುವಂಥದ್ದು. ಹಾಲಿಲ್ಲದೆ ದೊಡ್ಡ ಮಗ್ ತುಂಬ ಕುಡಿಯುವವರಿಗೆ ಅದು ಸರಿ. 10 ಗ್ರಾಂ ಪುಡಿಗೆ 160 ಮಿಲಿ ನೀರು, ಹೆಚ್ಚು ಕಡಿಮೆ ಅದೇ ಅದರ ಲೆಕ್ಕ. ಅಷ್ಟು ತೆಳು ಕಾಫಿಗೆ ಅರ್ಧ ಲೋಟ ಹಾಲು ಹಾಕಿದರೆ ಉಳಿಯುವುದು ಹಾಲಿನ ರುಚಿ ಮಾತ್ರ. ಪುಡಿ ಜಾಸ್ತಿ ಹಾಕಿ ನೋಡೋಣ ಅಂದರೆ, ಚಿಕೋರಿ (ಕಾಫಿಗೆ ಬೆರೆಸುವ, ಹುರಿದ ಬೇರಿನ ಪುಡಿ) ಬೆರೆತ ಪುಡಿ ಜಾಲರಿಗೆ ಕಟ್ಟಿಕೊಂಡು ನೀರು ಮೇಲೆ ಉಕ್ಕುತ್ತದೆ. ಇನ್ನು ಇದೇ ಬೆಲೆಯ 'ಎಸ್ಪ್ರೆಸೊ' ಮೆಷಿನ್‌ಗಳು. ಅವುಗಳಲ್ಲಿ ಹೆಚ್ಚಿನವು ಪಂಪ್ ಇಲ್ಲದೆ ಬರೀ ಆವಿಯಲ್ಲಿ ಕೆಲಸ ಮಾಡುತ್ತವೆ. ಎಸ್ಪ್ರೆಸೊಗೆ ಬೇಕಾಗುವ 9 ಬಾರ್ ಒತ್ತಡ ಆವಿಯಿಂದ ಬರುವುದಿಲ್ಲ. ಮೇಲೆ, ಕರೆಂಟ್ ಹೋದರೆ ಯಾವ ಮೆಷಿನ್ನೂ ನಡೆಯುವುದಿಲ್ಲ, ನಮ್ಮ ಮಳೆಗಾಲದ ಕರೆಂಟಿನ ಕಥೆ ನಿಮಗೂ ಬೇಗ ಗೊತ್ತಾಗುತ್ತದೆ.

ಫಿಲ್ಟರ್ ಕೊಳ್ಳುವಾಗ ಗಮನ ಬೇಕಾದದ್ದು ಅಳತೆಯ ಮೇಲೆ. ದೊಡ್ಡದು ತಗೊಂಡರೆ ನೆಂಟರು ಬಂದಾಗಲೂ ಆಗುತ್ತದೆ ಅನಿಸುವುದು ಸಹಜ. ಆದರೆ ದೊಡ್ಡ ಫಿಲ್ಟರ್‌ಗೆ ಇಬ್ಬರಿಗೆ ಆಗುವಷ್ಟೇ ಪುಡಿ ಹಾಕಿದರೆ ಅದು ತಳದಲ್ಲಿ ತೆಳ್ಳಗೆ ಹರಡಿಕೊಳ್ಳುತ್ತದೆ. ನೀರು ಸರ್ರನೆ ಇಳಿದುಬಿಡುತ್ತದೆ, ಡಿಕಾಕ್ಷನ್‌ಗೆ ಸತ್ವವೇ ಇರುವುದಿಲ್ಲ. ಹಾಗಾಗಿ ದಿನಬಳಕೆಗೆ ಒಂದು ಚಿಕ್ಕದು, ಅಪ್ಪ ಅಮ್ಮ ಬಂದಾಗ ಬಳಸಲು ಒಂದು ದೊಡ್ಡದು ಇಟ್ಟುಕೊಳ್ಳಿ. ಎರಡೂ ಸೇರಿದರೂ ನಿಮ್ಮ ಬಜೆಟ್‌ನಲ್ಲಿ ಬೇಕಾದಷ್ಟು ಉಳಿಯುತ್ತದೆ.

ಅಂಗಡಿಯಲ್ಲೇ ಮೇಲಿನ ಪಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿ. ತೂತುಗಳು ಸಣ್ಣಗೆ, ಒಂದೇ ಸಮ ಇರಬೇಕು. ಎರಡು ಪಾತ್ರೆ ಒಂದರ ಮೇಲೊಂದು ಅಲುಗಾಡದೆ ಕೂರಬೇಕು. ಹಿತ್ತಾಳೆಯದು ನೋಡಲು ಚೆಂದ, ನಿಜ. ಆದರೆ ಅದಕ್ಕೆ ಒಳಗೆ ಕಲಾಯಿ ಬೇಕು, ಅದು ಸವೆದಾಗ ಮತ್ತೆ ಹಾಕಿಸಬೇಕು. ಕಡಲ ಗಾಳಿಗೆ ಹೊರಗೆ ಬೇಗ ಕಪ್ಪಾಗುತ್ತದೆ ಬೇರೆ. ದಿನಬಳಕೆಗೆ ಸ್ಟೀಲೇ ಸಾಕು.

ಪುಡಿ ಹಾಕಿ, ಒತ್ತುವ ಬಿಲ್ಲೆಯನ್ನು ಹಗುರವಾಗಿ ಇಡಿ. ಗಟ್ಟಿಯಾಗಿ ಅದುಮಬೇಡಿ, ನೀರು ಇಳಿಯುವುದೇ ಇಲ್ಲ. ಮೊದಲು ಪುಡಿ ನೆನೆಯುವಷ್ಟು ಬಿಸಿ ನೀರು ಹಾಕಿ, ಅರ್ಧ ನಿಮಿಷ ಬಿಟ್ಟು ಉಳಿದದ್ದು ಹಾಕಿ, ಮುಚ್ಚಿಡಿ. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಅಷ್ಟು ಹೊತ್ತು ಇಲ್ಲದಿದ್ದರೆ ರಾತ್ರಿಯೇ ಇಳಿಸಿ ಫ್ರಿಜ್‌ನಲ್ಲಿಡಿ. ಬೆಳಗ್ಗೆ ಡಿಕಾಕ್ಷನ್ ಕುದಿಸಬೇಡಿ, ಕಹಿಯಾಗುತ್ತದೆ. ಹಾಲನ್ನೇ ಚೆನ್ನಾಗಿ ಕಾಯಿಸಿ ಅದಕ್ಕೆ ಬೆರೆಸಿ.

ಈಗ ಪುಡಿ. ಚಿಕ್ಕಮಗಳೂರು, ಕೊಡಗಿನ ಬೀಜ ಘಟ್ಟ ಇಳಿದು ಬರುವ ಊರಲ್ಲಿದ್ದೀರಿ. ಮಂಗಳೂರಿನ ಗೋದಾಮುಗಳಲ್ಲಿ ಹಸಿ ಬೀಜವನ್ನು ಮಳೆಗಾಲದ ಗಾಳಿಗೆ ಹರಡಿ, ಅದು ತೇವ ಕುಡಿದು ಉಬ್ಬುವಂತೆ ಮಾಡಿ 'ಮಾನ್ಸೂನ್ಡ್ ಮಲಬಾರ್' ತಯಾರಿಸುತ್ತಾರೆ. ಹಸಿ ಬೀಜಕ್ಕೆ ರುಚಿ ಕೊಡುವ ಅದೇ ಗಾಳಿ ಹುರಿದ ಪುಡಿಯನ್ನು ಹಾಳು ಮಾಡುತ್ತದೆ. ಚಿಕೋರಿ ಇದ್ದರಂತೂ ಆಟಿಯ (ಜುಲೈ, ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಗೆ ಡಬ್ಬಿಯೊಳಗೇ ಗಟ್ಟಿ ಕಟ್ಟುತ್ತದೆ. ಹುರಿದು ಕಣ್ಣೆದುರೇ ಪುಡಿ ಮಾಡಿಕೊಡುವ ಅಂಗಡಿ ಹುಡುಕಿ, ವಾರಕ್ಕೆ ಬೇಕಾದಷ್ಟೇ ತನ್ನಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಚಮಚ ಒಣಗಿರಲಿ. ಪ್ಯಾಕೆಟ್ ತರುವುದಾದರೆ ಚಿಕೋರಿ ಎಷ್ಟು ಅಂತ ಓದಿ, ಶೇಕಡಾ 49ರವರೆಗೂ ಹಾಕಲು ಕಾನೂನು ಬಿಡುತ್ತದೆ. ನಮ್ಮ ಮನೆಗೆ 20 ಸಾಕು, ಅದಕ್ಕಿಂತ ಜಾಸ್ತಿಯಾದರೆ ಬಣ್ಣ ಬರುತ್ತದೆ, ಪರಿಮಳ ಇರುವುದಿಲ್ಲ.

ಬೆಳಗ್ಗೆ ಕಾಯಲು ಸಾಧ್ಯವೇ ಇಲ್ಲ ಅನ್ನುವವರಾದರೆ ಮೋಕಾ ಪಾಟ್ ನೋಡಿ, ಅದು ಒಲೆಯ ಮೇಲಿಡುವ ಎರಡು ಅಂತಸ್ತಿನ ಪಾತ್ರೆ. ಇಟಲಿಯಲ್ಲಿ 1933ರಲ್ಲಿ ಬಂದದ್ದು, ಇವತ್ತಿಗೂ ಅದೇ ವಿನ್ಯಾಸ. ಕೆಳಗಿನ ನೀರು ಆವಿಯ ಒತ್ತಡಕ್ಕೆ ಪುಡಿಯ ಮೂಲಕ ಮೇಲೇರುತ್ತದೆ, ಐದಾರು ನಿಮಿಷದಲ್ಲಿ ಹಾಲಿಗೆ ಸರಿಯಾದ ಗಟ್ಟಿ ಕಾಫಿ. ಇದಕ್ಕೆ ಚಿಕೋರಿ ಇಲ್ಲದ ಪುಡಿಯೇ ಬೇಕು, ಅದುಮಲೂಬಾರದು. ನಿಮ್ಮದು ಇಂಡಕ್ಷನ್ ಒಲೆಯಾದರೆ ಮಾಮೂಲಿ ಅಲ್ಯೂಮಿನಿಯಂ ಪಾಟ್ ಕೆಲಸ ಮಾಡುವುದಿಲ್ಲ, ಇಂಡಕ್ಷನ್‌ಗೆ ಆಗುವ ಸ್ಟೀಲಿನದೇ ಕೇಳಿ ತಗೊಳ್ಳಿ. ಗ್ಯಾಸ್ ಆದರೆ ಚಿಕ್ಕ ಪಾಟ್ ಬರ್ನರ್ ಮೇಲೆ ನಿಲ್ಲುವುದಿಲ್ಲ, ಮೇಲೆ ಇಡುವ ಸಣ್ಣ ಸ್ಟ್ಯಾಂಡ್ ಒಂದನ್ನು ಜೊತೆಗೇ ತನ್ನಿ.