ಓದುಗರ ಗರಾಜ್: ಹೊಸ ಮೀಟರ್, ಹಳೆ ಟ್ಯಾಂಕ್

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಡಿಜಿಟಲ್ ಮೀಟರ್ ಹಾಗೂ ಪೆಟ್ರೋಲ್ ಟ್ಯಾಂಕಿನ ಯೂನಿಟ್ ಬಗ್ಗೆಯೇ ಇವೆ. ಒಂದೇ ಬಗೆಯವನ್ನು ಕೂಡಿಸಿ ಉತ್ತರಿಸಿದ್ದೇವೆ.

ನನ್ನ 100 ಸಿಸಿ ಬೈಕಿನ ಮುಳ್ಳಿನ ಮೀಟರ್ ತೆಗೆಸಿ ಡಿಜಿಟಲ್ ಮೀಟರ್ ಹಾಕಿಸಿದೆ. ಸ್ಪೀಡ್ ಸರಿ ಬರುತ್ತಿದೆ. ಪೆಟ್ರೋಲ್ ಮಾತ್ರ ಉಲ್ಟಾ: ಟ್ಯಾಂಕ್ ತುಂಬಿಸಿದರೆ ಒಂದೇ ಕಡ್ಡಿ, ಖಾಲಿಯಾಗುತ್ತ ಬಂದಂತೆ ಕಡ್ಡಿ ಏರುತ್ತದೆ. ವೈರ್ ಅದಲುಬದಲಾಗಿದೆಯೇ? – ಹಾಸನದ ಓದುಗರು

ವೈರ್ ತಿರುಗಿಸಿ ಹಾಕಿದರೂ ಇದು ಸರಿಹೋಗುವುದಿಲ್ಲ. ಟ್ಯಾಂಕ್ ಯೂನಿಟ್ ಎಂದರೆ ಪೆಟ್ರೋಲಿನ ಮೇಲೆ ತೇಲುವ ಫ್ಲೋಟ್, ಅದರ ತೋಳು, ತೋಳಿನ ತುದಿ ಉಜ್ಜಿಕೊಂಡು ಓಡಾಡುವ ಒಂದು ರೆಸಿಸ್ಟರ್, ಅಷ್ಟೆ. ರೆಸಿಸ್ಟರ್‌ಗೆ ಪ್ಲಸ್, ಮೈನಸ್ ಎಂಬುದಿಲ್ಲ. ಮೀಟರ್ ಅಳೆಯುವುದು ಪೆಟ್ರೋಲನ್ನಲ್ಲ, ಓಮ್‌ಗಳನ್ನು, ಅಂದರೆ ಆ ರೆಸಿಸ್ಟರ್ ಕರೆಂಟಿಗೆ ಒಡ್ಡುವ ತಡೆಯನ್ನು. ಆ ಓಮ್ ಏರಿದರೆ ಟ್ಯಾಂಕ್ ತುಂಬಿತೋ ಬರಿದಾಯಿತೋ ಎಂಬುದನ್ನು ಮೀಟರ್ ತಯಾರಿಸಿದವರು ಮೊದಲೇ ನಿಗದಿ ಮಾಡಿರುತ್ತಾರೆ. ಯುರೋಪಿನಲ್ಲಿ ರೂಢಿಯಲ್ಲಿರುವ ಒಂದು ಮಾದರಿಯಲ್ಲಿ ಖಾಲಿಗೆ 10 ಓಮ್, ಭರ್ತಿಗೆ 180. ಅಮೆರಿಕದ ಮಾದರಿಯಲ್ಲಿ ಖಾಲಿಗೆ 240, ಭರ್ತಿಗೆ 33. ನಮ್ಮಲ್ಲಿನ ಬಹಳಷ್ಟು ಬೈಕ್‌ಗಳು ಎರಡನೆಯದರ ದಾರಿಯಲ್ಲೇ, ಅಂದರೆ ಭರ್ತಿಯಾದಾಗ ಓಮ್ ಕಡಿಮೆ. ನಿಮ್ಮ ಮೀಟರ್ ಮೊದಲನೆಯ ಮಾದರಿಯನ್ನು ನಿರೀಕ್ಷಿಸುತ್ತಿದೆ.

ಹಾಗಾಗಿ ಮೊದಲ ಕೆಲಸ ಅಳತೆ. ಮಲ್ಟಿಮೀಟರನ್ನು 2000 ಓಮ್ ರೇಂಜಿಗೆ ಇಡಿ. ಟ್ಯಾಂಕಿನಿಂದ ಬರುವ ಕಪ್ಲರ್ ಬಿಚ್ಚಿ ಯೂನಿಟ್ ಕಡೆಯ ಎರಡು ಪಿನ್‌ಗಳಿಗೆ ಪ್ರೋಬ್ ಹಿಡಿಯಿರಿ. ವೈರ್ ಒಂದೇ ಇದ್ದರೆ ಇನ್ನೊಂದು ಪ್ರೋಬನ್ನು ಯೂನಿಟ್‌ನ ಲೋಹದ ಮೈಗೆ ಹಿಡಿಯಿರಿ. ಬೈಕನ್ನು ಮೇನ್ ಸ್ಟ್ಯಾಂಡ್ ಹಾಕಿ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿರಬೇಕು. ಸೈಡ್ ಸ್ಟ್ಯಾಂಡಿನಲ್ಲಿ ಪೆಟ್ರೋಲ್ ಒಂದು ಕಡೆ ವಾಲಿ ಅಳತೆ ಕೆಡುತ್ತದೆ. ಟ್ಯಾಂಕ್ ಖಾಲಿಯಿದ್ದಾಗಿನ ಓಮ್ ಬರೆದುಕೊಳ್ಳಿ, ಆಮೇಲೆ ಒಂದೊಂದೇ ಲೀಟರ್ ಸುರಿದು ಪ್ರತಿ ಸಲದ ಓಮ್ ಗುರುತು ಹಾಕಿಕೊಳ್ಳಿ. ಕೆಲಸ ಬೇಸರದ್ದೇ, ಆದರೆ ಈ ಪಟ್ಟಿ ಕೈಯಲ್ಲಿದ್ದರೆ ಊಹೆಗೆ ಜಾಗವಿರುವುದಿಲ್ಲ.

ಈಗ ಮೀಟರ್‌ನ ಸೆಟ್ಟಿಂಗ್ ನೋಡಿ. ಅನೇಕ ಡಿಜಿಟಲ್ ಮೀಟರ್‌ಗಳಲ್ಲಿ 100, 250, 510 ಓಮ್ ಎಂಬ ಆಯ್ಕೆಗಳಿರುತ್ತವೆ, ಕೆಲವದರಲ್ಲಿ ದಿಕ್ಕನ್ನೂ ಬದಲಿಸಬಹುದು. ಖಾಲಿ ಟ್ಯಾಂಕಿನಲ್ಲಿ ನಿಮಗೆ ಸಿಕ್ಕ ಓಮ್‌ಗೆ ಹತ್ತಿರದ್ದನ್ನು ಆರಿಸಿ. ದಿಕ್ಕು ಬದಲಿಸುವ ಸೌಲಭ್ಯ ಇಲ್ಲದಿದ್ದರೆ ಮೀಟರನ್ನೋ ಯೂನಿಟನ್ನೋ ಬದಲಿಸುವುದೊಂದೇ ದಾರಿ. ಕೊಳ್ಳುವ ಮೊದಲೇ ಅಂಗಡಿಯಲ್ಲಿ ಓಮ್ ಕೇಳಿ. ‘ಎಲ್ಲ ಬೈಕಿಗೂ ಆಗುತ್ತದೆ’ ಎಂದು ಡಬ್ಬದ ಮೇಲೆ ಬರೆದಿದ್ದರೆ ಅದು ಸಾಮಾನ್ಯವಾಗಿ ಹ್ಯಾಂಡಲ್ ಕ್ಲಾಂಪಿಗೆ ಸಂಬಂಧಿಸಿದ ಮಾತು.

ಯೂನಿಟ್ 510 ಓಮ್‌ನದು, ಮೀಟರ್ 100 ಓಮ್‌ನದು ಎಂದಾದಾಗ ಯೂನಿಟ್‌ಗೆ ಪ್ಯಾರಲಲ್ ಆಗಿ 120 ಓಮ್ ರೆಸಿಸ್ಟರ್ ಸೇರಿಸುವ ಪದ್ಧತಿ ಇದೆ. ಖಾಲಿಯಲ್ಲಿ 97 ಓಮ್, ಭರ್ತಿಯಲ್ಲಿ ಸುಮಾರು 9 ಓಮ್ ಬರುತ್ತದೆ, ಎರಡು ತುದಿಗಳೂ ಕೂಡುತ್ತವೆ. ಕೆಡುವುದು ನಡುವೆ. ಅರ್ಧ ಟ್ಯಾಂಕಿನ 250 ಓಮ್ 81 ಆಗಿಬಿಡುತ್ತದೆ, ಅಂದರೆ ಅರ್ಧ ಪೆಟ್ರೋಲ್ ಇದ್ದಾಗಲೇ ಮೀಟರ್ ಐದನೆಯ ಒಂದು ಪಾಲೂ ಉಳಿದಿಲ್ಲ ಎನ್ನುತ್ತದೆ. ಕಡಿಮೆ ತೋರಿಸುವುದರಿಂದ ದಾರಿಯಲ್ಲಿ ನಿಲ್ಲುವ ಭಯವಿಲ್ಲ. ಆದರೂ ನಾವು ಇದನ್ನು ತಾತ್ಕಾಲಿಕ ಎಂದೇ ಪರಿಗಣಿಸುತ್ತೇವೆ.

ಒಂದು ಎಚ್ಚರಿಕೆ. ಪರೀಕ್ಷೆಗೆಂದು ಯೂನಿಟ್‌ಗೆ ನೇರವಾಗಿ 12 ವೋಲ್ಟ್ ಕೊಡಲೇಬೇಡಿ. 10 ಓಮ್ ಸ್ಥಾನದಲ್ಲಿ 1.2 ಆಂಪಿಯರ್ ಹರಿದು 14 ವಾಟ್‌ನಷ್ಟು ಶಾಖ ಹುಟ್ಟುತ್ತದೆ. ಅದು ಹುಟ್ಟುವ ಜಾಗ ಪೆಟ್ರೋಲ್ ಟ್ಯಾಂಕಿನ ಒಳಗೆ. ಹಳೆಯ ಮೀಟರ್, ಹೊಸ ಮೀಟರ್ ಎರಡನ್ನೂ ಒಂದೇ ಯೂನಿಟ್ ವೈರಿಗೆ ಕಟ್ಟುವುದೂ ಬೇಡ. ಎರಡೂ ಅದರೊಳಕ್ಕೆ ಕರೆಂಟ್ ಹರಿಸಿ, ಎರಡೂ ತಪ್ಪು ತೋರಿಸುತ್ತವೆ.

ಇಂಡಿಕೇಟರ್ ಹಾಕಿದಾಗಲೆಲ್ಲ ಪೆಟ್ರೋಲ್ ಕಡ್ಡಿ ಹೆಚ್ಚುಕಡಿಮೆಯಾಗುತ್ತದೆ. ಮೀಟರ್ ಹಾಳೇ? – ಬಳ್ಳಾರಿಯ ಓದುಗರು

ಅರ್ಥಿಂಗ್ ಕೆಟ್ಟಿದೆ, ಮೀಟರ್ ಹಾಳಾಗಿರಲಾರದು. ಮೀಟರ್‌ನ ನೆಗೆಟಿವ್ ವೈರನ್ನು ಹೆಡ್‌ಲೈಟ್ ಡೂಮಿನ ಯಾವುದೋ ಸ್ಕ್ರೂಗೆ ಸುತ್ತಿರುತ್ತಾರೆ. ಇಂಡಿಕೇಟರ್ ಕರೆಂಟೂ ಅಲ್ಲಿಂದಲೇ, ಹ್ಯಾಂಡಲ್ ಬೇರಿಂಗ್‌ನ ಗ್ರೀಸಿನ ಮೂಲಕ ಚಾಸಿಗೆ ಹಾದುಹೋಗಬೇಕಾಗುತ್ತದೆ. ಬಲ್ಬ್ ಹೊತ್ತಿದಾಗಲೆಲ್ಲ ಮೀಟರ್‌ನ ‘ಸೊನ್ನೆ’ಯೇ ಮೇಲಕ್ಕೆ ಜರುಗುತ್ತದೆ. ಮೀಟರ್‌ನಿಂದ ಬ್ಯಾಟರಿಯ ನೆಗೆಟಿವ್‌ವರೆಗೆ ಪ್ರತ್ಯೇಕ ವೈರ್ ಎಳೆಯಿರಿ. ಟ್ಯಾಂಕ್ ಯೂನಿಟ್‌ಗೂ ಹೀಗೆಯೇ ಮಾಡಬೇಕು. ಟ್ಯಾಂಕ್ ಕೂತಿರುವುದು ರಬ್ಬರ್ ಬುಷ್‌ಗಳ ಮೇಲಾದ್ದರಿಂದ ಅದರ ಮೈಗೆ ಒಳ್ಳೆಯ ಅರ್ಥ್ ಸಿಗುತ್ತದೆಂದು ನಂಬುವಂತಿಲ್ಲ. 100 ಓಮ್ ಯೂನಿಟ್‌ನಲ್ಲಿ ತುಕ್ಕು ಹಿಡಿದ ಜೋಡಣೆಯೊಂದು 20 ಓಮ್ ಸೇರಿಸಿದರೆ ಟ್ಯಾಂಕಿನ ಐದನೆಯ ಒಂದು ಪಾಲು ಲೆಕ್ಕದಿಂದ ಮಾಯ.

ದೋಷ ಮೀಟರ್‌ನದೋ ಯೂನಿಟ್‌ನದೋ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಇಗ್ನಿಷನ್ ಆನ್ ಇಟ್ಟು, ಟ್ಯಾಂಕಿನಿಂದ ದೂರದಲ್ಲಿ, ಮೀಟರ್ ಬಳಿಯ ಕಪ್ಲರ್ ಬಿಚ್ಚಿ. ಭರ್ತಿಗೆ ಕಡಿಮೆ ಓಮ್ ಇರುವ ಮೀಟರ್ ‘ಖಾಲಿ’ಗೆ ಇಳಿಯಬೇಕು. ಮೀಟರ್ ಕಡೆಯ ಯೂನಿಟ್ ವೈರನ್ನು ಅರ್ಥ್‌ಗೆ ಮುಟ್ಟಿಸಿದರೆ ‘ಭರ್ತಿ’ಗೆ ಏರಬೇಕು. ಇವೆರಡೂ ಆದರೆ ಮೀಟರ್ ಸರಿಯಿದೆ. ಡಿಜಿಟಲ್ ಮೀಟರ್‌ಗಳು ಪೆಟ್ರೋಲ್ ಕುಲುಕಾಟಕ್ಕೆ ಕುಣಿಯಬಾರದೆಂದು ನಿಧಾನವಾಗಿ ಬದಲಾಗುತ್ತವೆ. ಒಂದೆರಡು ನಿಮಿಷ ಕಾಯಿರಿ.

ನನ್ನ ಹಳೆಯ 6 ವೋಲ್ಟ್ ಯೆಜ್ಡಿಗೆ ಪೆಟ್ರೋಲ್ ಮೀಟರ್ ಇಲ್ಲ. ಟ್ಯಾಂಕಿಗೆ ತೂತು ಕೊರೆಸಿ ಯೂನಿಟ್ ಹಾಕಿಸಬಹುದೇ? – ಮೈಸೂರಿನ ಓದುಗರು

ಹಾಕಿಸಬಹುದು, ಆದರೆ ಮೂಲ ಟ್ಯಾಂಕಿಗೆ ದಯವಿಟ್ಟು ಬೇಡ. ನಿಮ್ಮದೇ ಊರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತಿತು. ಅಲ್ಲಿಂದ ಬಂದ ಟ್ಯಾಂಕೊಂದನ್ನು ಕೊರೆದ ಮೇಲೆ ಮತ್ತೆ ಮೊದಲಿನಂತೆ ಮಾಡಲಾಗದು. ಬೇಕೇ ಬೇಕೆಂದರೆ ಈಗ ಸಿಗುವ ನಕಲು ಟ್ಯಾಂಕ್ ಕೊಂಡು ಅದಕ್ಕೆ ಮಾಡಿಸಿ, ಮೂಲದ್ದನ್ನು ಒಳಗೆ ಎಣ್ಣೆ ಸವರಿ ಎತ್ತಿಡಿ.

ಪೆಟ್ರೋಲ್ ಹಾಕಿದ್ದ ಟ್ಯಾಂಕನ್ನು ಬರಿದು ಮಾಡಿದರೆ ಅಪಾಯ ಕಳೆಯಿತು ಎಂದು ತಿಳಿಯುವವರು ಬಹಳ. ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ ಸುಮಾರು 1.4ರಿಂದ 7.6ರಷ್ಟು ಇದ್ದಾಗ ಅದು ಸಿಡಿಯುತ್ತದೆ, ಆಗತಾನೇ ಬರಿದಾದ ಟ್ಯಾಂಕಿನಲ್ಲಿ ಆ ಹದ ಬರುವುದು ತೀರಾ ಸುಲಭ. ಮನೆಯಲ್ಲಿ ಡ್ರಿಲ್ ಹಿಡಿಯಬೇಡಿ. ಟ್ಯಾಂಕ್ ಕೆಲಸವನ್ನೇ ಮಾಡುವ ವೆಲ್ಡರ್ ಬಳಿ ಕೊಂಡೊಯ್ಯಿರಿ. ಅವರು ಸೋಪಿನ ಬಿಸಿನೀರಿನಲ್ಲಿ ಹಲವು ಸಲ ತೊಳೆದು, ಕೆಲಸದ ಜಾಗವೊಂದನ್ನು ಬಿಟ್ಟು ಉಳಿದದ್ದಕ್ಕೆ ನೀರು ತುಂಬಿಸಿಕೊಂಡು ಶುರುಮಾಡಬೇಕು. ಯೂನಿಟ್ ಕೂರುವ ಜಾಗಕ್ಕೆ ಬರೀ ತೂತು ಸಾಲದು, ಸ್ಟಡ್ ಇರುವ ದಪ್ಪ ರಿಂಗೊಂದನ್ನು ಬೆಸೆಸಬೇಕು. ತೆಳು ತಗಡಿನ ಮೇಲೆ ಗ್ಯಾಸ್ಕೆಟ್ ಸಮನಾಗಿ ಒತ್ತುವುದಿಲ್ಲ.

ಡಿಜಿಟಲ್ ಮೀಟರ್‌ಗೆ 12 ವೋಲ್ಟ್ ಡಿಸಿ ಬೇಕು. ಮೀಟರ್ ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ 6 ವೋಲ್ಟನ್ನು 12ಕ್ಕೆ ಏರಿಸುವ ಚಿಕ್ಕ ಕನ್ವರ್ಟರ್ ಸಾಕು, ಅದರ ಹಿಂದೆ 1 ಆಂಪಿಯರ್ ಫ್ಯೂಸ್ ಇರಲಿ. ಹಳೆಯ ಬ್ರಿಟಿಷ್ ಬೈಕ್ ಇಟ್ಟುಕೊಂಡವರು ಬ್ಯಾಟರಿಯ ಯಾವ ತುದಿ ಚಾಸಿಗೆ ಕೂತಿದೆ ಎಂದು ಮೊದಲು ನೋಡಬೇಕು. ಅವುಗಳಲ್ಲಿ ಹಲವದರಲ್ಲಿ ಪಾಸಿಟಿವ್ ಚಾಸಿಗಿರುತ್ತದೆ.

ನಮ್ಮ ಅಭಿಪ್ರಾಯ ಕೇಳಿದರೆ, ಈ ಬೈಕಿಗೆ ಟ್ರಿಪ್ ಮೀಟರ್ ಒಂದು ಮತ್ತು ಚೆನ್ನಾಗಿ ಕೆಲಸ ಮಾಡುವ ರಿಸರ್ವ್ ಕಾಕ್ ಸಾಕು.

ಹೊಸ ಯೂನಿಟ್ ಹಾಕಿಸಿದ ತಿಂಗಳಲ್ಲೇ ಟ್ಯಾಂಕಿನಡಿ ಪೆಟ್ರೋಲ್ ಜಿನುಗುತ್ತಿದೆ. – ಶಿರಸಿಯ ಓದುಗರು

ಇದನ್ನು ಇಂದೇ ನೋಡಿ, ಅಲ್ಲಿಯವರೆಗೆ ಬೈಕ್ ಓಡಿಸಬೇಡಿ. ಯೂನಿಟ್ ಟ್ಯಾಂಕಿನ ತಳದಲ್ಲಿ ಕೂರುವ ಬೈಕ್‌ಗಳಲ್ಲಿ ಜಿನುಗಿದ್ದು ಬೀಳುವುದು ಬಿಸಿ ಎಂಜಿನ್ ಮೇಲೆಯೇ. ಕಾರಣ ಮೂರರಲ್ಲೊಂದು. ಹಳೆಯ ಗ್ಯಾಸ್ಕೆಟನ್ನೇ ಮತ್ತೆ ಹಾಕಿರಬಹುದು, ನಟ್‌ಗಳನ್ನು ಸುತ್ತುವರಿದು ಒಂದಾದ ಮೇಲೊಂದು ಬಿಗಿದು ತಗಡು ಬಾಗಿರಬಹುದು, ಇಲ್ಲವೇ ಗ್ಯಾಸ್ಕೆಟ್ ರಬ್ಬರ್ ಎಥನಾಲ್‌ಗೆ ಒಗ್ಗದ್ದಿರಬಹುದು. ಈಗ ಬಂಕ್‌ಗಳಲ್ಲಿ ಸಿಗುವುದು ನೂರಕ್ಕೆ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಸಾಮಾನ್ಯ ರಬ್ಬರ್ ಅದರಲ್ಲಿ ಊದಿ ಮೆತ್ತಗಾಗುತ್ತದೆ. ವೈಟಾನ್ ಎಂದು ಕೇಳಿ ತನ್ನಿ. ಟ್ಯಾಂಕ್ ಬರಿದು ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಬಯಲಲ್ಲಿ ಕೆಲಸ ಮಾಡಿ. ಕೂರುವ ಜಾಗದ ಹಳೆ ಅಂಟು, ತುಕ್ಕು ಪೂರ್ತಿ ಹೋಗಲಿ. ಫ್ಲೋಟ್ ತೋಳನ್ನು ಓರೆ ಮಾಡಿ ಒಳಸೇರಿಸಿ. ಬಲವಂತದಿಂದ ತೋಳು ಬಾಗಿದರೆ ಮೀಟರ್ ಮುಂದೆ ಎಂದೂ ಸರಿ ತೋರಿಸುವುದಿಲ್ಲ. ನಟ್‌ಗಳನ್ನು ಎದುರುಬದುರಾಗಿ, ಎರಡು ಮೂರು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಿಲಿಕೋನ್ ಪೇಸ್ಟ್ ಮೆತ್ತಬೇಡಿ. ಪೆಟ್ರೋಲಿನಲ್ಲಿ ಅದು ಕಿತ್ತು ಬಂದು ಕಾರ್ಬುರೇಟರ್ ಜೆಟ್ ಕಟ್ಟುತ್ತದೆ. ಒಂದು ಲೀಟರ್ ಹಾಕಿ, ಕೆಳಗೆ ಒಣ ಕಾಗದ ಇಟ್ಟು ಅರ್ಧ ಗಂಟೆ ನೋಡಿದ ಮೇಲೆ ಉಳಿದದ್ದು ತುಂಬಿಸಿ.

ಫ್ಲೋಟ್ ಇಲ್ಲದ ಕೆಪ್ಯಾಸಿಟಿವ್ ಯೂನಿಟ್ ಬಗ್ಗೆಯೂ ಕೇಳಿದ್ದೀರಿ. ಅದು ದ್ರವದ ಡೈಎಲೆಕ್ಟ್ರಿಕ್ ಗುಣವನ್ನು, ಅಂದರೆ ಎರಡು ಲೋಹದ ತಗಡುಗಳ ನಡುವೆ ಆ ದ್ರವವಿದ್ದಾಗ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದನ್ನು, ಅಳೆಯುತ್ತದೆ. ಆ ಅಂಕಿ ಪೆಟ್ರೋಲಿಗೆ ಸುಮಾರು 2, ಎಥನಾಲ್‌ಗೆ ಸುಮಾರು 24. ಬೆರಕೆಯ ಪ್ರಮಾಣ ಬದಲಾದರೆ ಲೆಕ್ಕವೂ ಬದಲಾಗುತ್ತದೆ. ಈಗಿನ ಪೆಟ್ರೋಲಿಗೆ ಫ್ಲೋಟೇ ಮೇಲು.

ಹೊಸ ಮೀಟರ್ ಹಾಕಿದ ಮೇಲೆ ಎಡ ಇಂಡಿಕೇಟರ್ ಒತ್ತಿದರೂ ನಾಲ್ಕೂ ಮಿನುಗುತ್ತವೆ. – ತುಮಕೂರಿನ ಓದುಗರು

ಹಳೆಯ ಮೀಟರ್‌ನಲ್ಲಿ ಎಡಬಲ ಎರಡಕ್ಕೂ ಒಂದೇ ಬಲ್ಬ್ ಇತ್ತು. ಅದನ್ನು ಎಡದ ವೈರ್ ಮತ್ತು ಬಲದ ವೈರ್ ನಡುವೆ ಕಟ್ಟಿರುತ್ತಾರೆ, ಉರಿಯದ ಕಡೆಯ ಬಲ್ಬ್‌ಗಳೇ ಅದಕ್ಕೆ ಅರ್ಥ್. ಹೊಸ ಮೀಟರ್‌ನ ಒಂದೇ ವೈರಿಗೆ ಆ ಎರಡನ್ನೂ ಸೇರಿಸಿದಾಗ ಎಡಬಲಗಳು ಒಂದಾಗಿಬಿಟ್ಟಿವೆ. ಎರಡು 1ಎನ್4007 ಡಯೋಡ್ ತಂದು ಎಡಕ್ಕೊಂದು ಬಲಕ್ಕೊಂದು ಹಾಕಿ, ಬೆಳ್ಳಿ ಗೆರೆಯ ತುದಿ ಮೀಟರ್ ಕಡೆಗಿರಲಿ.

ಹೊಸ ಮೀಟರ್‌ನ ಸೆಟ್ಟಿಂಗ್ ಚಕ್ರದ ಸುತ್ತಳತೆ ಕೇಳುತ್ತದೆ. ಏನು ಕೊಡಬೇಕು? – ಕೋಲಾರದ ಓದುಗರು

ಸ್ಪೀಡ್ ಸೆನ್ಸರ್ ಇರುವ ಚಕ್ರದ್ದು ಕೊಡಿ. 2.75-18 ಟಯರ್‌ಗೆ ಲೆಕ್ಕದಲ್ಲಿ ಸುಮಾರು 1875 ಮಿ.ಮೀ. ಬರುತ್ತದೆ, ಭಾರಕ್ಕೆ ಟಯರ್ ಕುಸಿಯುವುದರಿಂದ ವಾಸ್ತವದಲ್ಲಿ ಇನ್ನಷ್ಟು ಕಡಿಮೆ. ಗಾಳಿ ಸರಿಯಾಗಿ ತುಂಬಿಸಿ, ವಾಲ್ವ್ ಕೆಳಗೆ ಬಂದಾಗ ನೆಲಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಒಬ್ಬರು ಮೇಲೆ ಕೂತಿರಲಿ, ಚಕ್ರ ಪೂರ್ತಿ ಒಂದು ಸುತ್ತು ಉರುಳುವಷ್ಟು ತಳ್ಳಿ ಮತ್ತೆ ಗುರುತು ಹಾಕಿ. ಎರಡು ಗುರುತುಗಳ ನಡುವಿನ ದೂರವನ್ನು ಮಿಲಿಮೀಟರ್‌ನಲ್ಲಿ ಹಾಕಿ.