ಸೆನ್ಸರ್‌ಮ್ಯಾಟಿಕ್ ಈಗ ಯಾರದು?

ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತ ಕಂಬಗಳ ಮೇಲೆ ‘ಸೆನ್ಸರ್‌ಮ್ಯಾಟಿಕ್’ ಎಂಬ ಹೆಸರು ಕಂಡಿರಿ, ಹುಡುಕಿದಾಗ ಒಂದು ಕಡೆ ಟೈಕೊ, ಇನ್ನೊಂದು ಕಡೆ ಜಾನ್ಸನ್ ಕಂಟ್ರೋಲ್ಸ್ ಎಂದಿತ್ತು, ಹಾಗಾದರೆ ಮೂಲ ಕಂಪನಿ ಮುಚ್ಚಿಹೋಯಿತೇ ಎಂದು ಕೇಳಿದ್ದೀರಿ. ಮುಚ್ಚಿಲ್ಲ. 2001ರಲ್ಲಿ ಟೈಕೊ ಅದನ್ನು ಕೊಂಡಿತು, 2016ರಲ್ಲಿ ಟೈಕೊ ಜಾನ್ಸನ್ ಕಂಟ್ರೋಲ್ಸ್ ಜೊತೆ ವಿಲೀನವಾಯಿತು. ಒಡೆಯರು ಬದಲಾದರೂ ಹೆಸರು ಉಳಿದಿದೆ.

ನಾನು ಹಲವು ವರ್ಷ ಬಟ್ಟೆ ಅಂಗಡಿಗಳ ದಾಸ್ತಾನು ಲೆಕ್ಕ ನೋಡಿದವನು. ಪುಸ್ತಕದಲ್ಲಿದ್ದು ಕಪಾಟಿನಲ್ಲಿ ಇಲ್ಲದ ಮಾಲಿಗೆ ನಮ್ಮಲ್ಲಿ ಶ್ರಿಂಕೇಜ್ ಎನ್ನುತ್ತಾರೆ. ಹಣ ಕೊಡದ ಮಾಲು ಬಾಗಿಲು ದಾಟಿದರೆ ಕೂಗುವ ಆ ಕಂಬಗಳು ಇರುವುದೇ ಆ ಅಂಕಿಯನ್ನು ತಗ್ಗಿಸಲು. ಹಾಗಾಗಿ ಈ ಕಂಪನಿಯ ಚರಿತ್ರೆ ನನಗೆ ಹತ್ತಿರದ್ದು.

ಶುರುವಾದದ್ದು ಅಮೆರಿಕದ ಒಹಾಯೊ ರಾಜ್ಯದ ಆಕ್ರನ್ ಊರಿನಲ್ಲಿ. ರೊನಾಲ್ಡ್ ಅಸಾಫ್ ಅಲ್ಲಿನ ಕ್ರೋಗರ್ ದಿನಸಿ ಮಳಿಗೆಯೊಂದರ ವ್ಯವಸ್ಥಾಪಕರು. ವೈನ್ ಬಾಟಲಿ ಕದ್ದು ಓಡಿದವನನ್ನು ಅಟ್ಟಿಸಿಕೊಂಡು ಹೋಗಿ ಬರಿಗೈಯಲ್ಲಿ ಮರಳಿದರು. ಇದನ್ನು ತಡೆಯುವ ಸಾಧನ ಕಂಡುಹಿಡಿದವನು ಶ್ರೀಮಂತನಾಗುತ್ತಾನೆ ಎಂದು ಸೋದರಸಂಬಂಧಿಯ ಬಳಿ ಹೇಳಿಕೊಂಡರು. ಯಂತ್ರಗಳ ವಿಷಯದಲ್ಲಿ ಚುರುಕಾಗಿದ್ದ ಆತ ಅದನ್ನು ಗಟ್ಟಿಯಾಗಿ ಹಿಡಿದುಕೊಂಡ. 1960ರ ದಶಕದ ನಡುವೆ ಕಂಪನಿ ಹುಟ್ಟಿತು, ಆಮೇಲೆ ಫ್ಲಾರಿಡಾಕ್ಕೆ ನೆಲೆ ಬದಲಿಸಿತು. ಅದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಆರ್ಥರ್ ಮಿನಾಸಿ ‘ನೋಗೊ’ ಎಂಬ ಕಂಪನಿ ಕಟ್ಟಿ ಇದೇ ಕಸುಬಿಗೆ ಇಳಿದಿದ್ದರು. 1990ರ ದಶಕದಲ್ಲಿ ನೋಗೊದ ಹೊರದೇಶಗಳ ವ್ಯವಹಾರವನ್ನು ಸೆನ್ಸರ್‌ಮ್ಯಾಟಿಕ್ ಕೊಂಡಿತು.

ಕಂಬ ಗುರುತಿಸಲೆಂದು ಮಾಲಿಗೆ ಹಾಕುತ್ತಿದ್ದ ಮೊದಲಿನ ಬಿಲ್ಲೆಗಳು ಮೈಕ್ರೋವೇವ್ ತರಂಗದಿಂದ ಕೆಲಸ ಮಾಡುವ ದಪ್ಪ ಪ್ಲಾಸ್ಟಿಕ್ ತುಂಡುಗಳು. ಬಟ್ಟೆಗೆ ಚುಚ್ಚಿಡಬಹುದಿತ್ತು, ಔಷಧದ ಡಬ್ಬಿಗೆ ಅಂಟಿಸಲಾಗುತ್ತಿರಲಿಲ್ಲ. ಕಂಪನಿಯ ದೆಸೆ ತಿರುಗಿಸಿದ್ದು 1980ರ ದಶಕದ ‘ಅಲ್ಟ್ರಾ ಮ್ಯಾಕ್ಸ್’. ಇದರ ಚತುರತೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ. ಪುಟ್ಟ ಪೊಳ್ಳು ಚೀಟಿಯೊಳಗೆ ಎರಡು ಲೋಹದ ಪಟ್ಟಿಗಳಿರುತ್ತವೆ. ಒಂದು ಅಯಸ್ಕಾಂತ, ಇನ್ನೊಂದು ಕಾಂತಕ್ಷೇತ್ರ ತಾಗಿದರೆ ಕಂಪಿಸುವ ಪಟ್ಟಿ. ಬಾಗಿಲ ಕಂಬ 58 ಕಿಲೋಹರ್ಟ್ಸ್ ಸಂಕೇತವನ್ನು ಮಿಡಿದು ಸುಮ್ಮನಾಗುತ್ತದೆ. ದೇವಸ್ಥಾನದ ಗಂಟೆ ಬಾರಿಸಿ ಕೈಬಿಟ್ಟ ಮೇಲೂ ನಾದ ಉಳಿಯುವ ಹಾಗೆ ಆ ಪಟ್ಟಿ ಇನ್ನೂ ಕ್ಷಣಕಾಲ ಕಂಪಿಸುತ್ತಿರುತ್ತದೆ. ಕಂಬ ಕಿವಿಗೊಡುವುದು ಆ ಮೌನದಲ್ಲೇ. ಬಿಲ್ ಮಾಡುವಾಗ ಮೇಜಿನಲ್ಲಿರುವ ಸಾಧನದ ಮೇಲೆ ಉಜ್ಜಿದರೆ ಅಯಸ್ಕಾಂತ ತನ್ನ ಶಕ್ತಿ ಕಳೆದುಕೊಳ್ಳುತ್ತದೆ, ಕಂಪನದ ಶ್ರುತಿ ತಪ್ಪುತ್ತದೆ, ಕಂಬ ಕೂಗುವುದಿಲ್ಲ. ಈ ಚೀಟಿ ಅಗ್ಗವಾದ್ದರಿಂದ ಕಾರ್ಖಾನೆಯಲ್ಲೇ ಡಬ್ಬಿಯೊಳಗೆ ಸೇರಿಸುವ ಪದ್ಧತಿ ಬಂತು. ಅಲ್ಲಿಂದ ಕಂಪನಿ ಬಹಳ ವೇಗವಾಗಿ ಬೆಳೆಯಿತು.

ಬೆಳವಣಿಗೆಯ ಹಸಿವೇ ಅದನ್ನು ದಾರಿ ತಪ್ಪಿಸಿತು ಎಂದು ನನ್ನ ಅಭಿಪ್ರಾಯ. ಪ್ರತಿ ಮೂರು ತಿಂಗಳಿಗೂ ಷೇರುಪೇಟೆ ನಿರೀಕ್ಷಿಸಿದ ಲಾಭವನ್ನು ತೋರಿಸಲೇಬೇಕೆಂಬ ಒತ್ತಡ. ಅಮೆರಿಕದ ಷೇರುಪೇಟೆ ನಿಯಂತ್ರಣ ಆಯೋಗ 1998ರಲ್ಲಿ ಹೊರಡಿಸಿದ ಆದೇಶದಲ್ಲಿ ಅಲ್ಲಿ ನಡೆದದ್ದು ಬಯಲಾಗಿದೆ. ತ್ರೈಮಾಸಿಕ ಮುಗಿದ ಮೇಲೆ ಸಾಗಿಸಿದ ಮಾಲಿಗೂ ಹಳೆಯ ತಾರೀಖು ಬೀಳುವಂತೆ ಕಂಪ್ಯೂಟರಿನ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿದ್ದರು. ಗಿರಾಕಿ ಮುಂದಿನ ತಿಂಗಳಿಗೆ ಬೇಕೆಂದ ಮಾಲನ್ನು ಬೇಗ ಹೊರಡಿಸಿ, ನಿಧಾನವಾಗಿ ಒಯ್ಯುವಂತೆ ಸಾಗಣೆದಾರರಿಗೆ ಹೇಳಿ, ಮಾರಾಟವನ್ನು ಆಗಲೇ ಬರೆದುಕೊಂಡಿದ್ದರು. ಆರೋಪವನ್ನು ಒಪ್ಪದೆ, ಅಲ್ಲಗಳೆಯದೆ ಕಂಪನಿ ರಾಜಿ ಮಾಡಿಕೊಂಡಿತು. ಲೆಕ್ಕದ ಕೆಲಸದವನಾಗಿ ಇದನ್ನು ಓದಿದಾಗ ನನಗೆ ತೀರಾ ನೋವಾಯಿತು. ಮಾಲು ಸುಳ್ಳಲ್ಲ, ಗಿರಾಕಿಗಳು ಸುಳ್ಳಲ್ಲ, ತಾರೀಖು ಮಾತ್ರ ಸುಳ್ಳು. ಅಷ್ಟೊಂದು ಒಳ್ಳೆಯ ತಂತ್ರಜ್ಞಾನ ಕೈಯಲ್ಲಿದ್ದವರಿಗೆ ಇದರ ಅಗತ್ಯವೇ ಇರಲಿಲ್ಲ.

2001ರಲ್ಲಿ ಟೈಕೊ ಸುಮಾರು 220 ಕೋಟಿ ಡಾಲರ್ ಮೌಲ್ಯಕ್ಕೆ ಕಂಪನಿಯನ್ನು ಕೊಂಡಿತು. ಟೈಕೊದ ಆಗಿನ ಮುಖ್ಯಸ್ಥ ಡೆನಿಸ್ ಕೊಜ್ಲೋವ್‌ಸ್ಕಿ ಕಂಪನಿಯ ಹಣ ಲಪಟಾಯಿಸಿದ ಪ್ರಕರಣದಲ್ಲಿ 2005ರಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು. ಅದಕ್ಕೂ ಸೆನ್ಸರ್‌ಮ್ಯಾಟಿಕ್‌ನ ಹಳೆಯ ಪ್ರಕರಣಕ್ಕೂ ಸಂಬಂಧವಿಲ್ಲ, ಎರಡನ್ನೂ ಬೆರೆಸಬೇಡಿ.

ಪ್ರತಿಸ್ಪರ್ಧಿ ಚೆಕ್‌ಪಾಯಿಂಟ್ ಬಗ್ಗೆಯೂ ಒಂದು ಮಾತು. ನ್ಯೂಜೆರ್ಸಿಯ ಆ ಕಂಪನಿಯ ಮೊದಲ ಚಿಂತೆ ಗ್ರಂಥಾಲಯಗಳಿಂದ ಕಾಣೆಯಾಗುತ್ತಿದ್ದ ಪುಸ್ತಕಗಳದ್ದು. ಅದೂ 2016ರಲ್ಲೇ ಕೆನಡಾದ ಸಿಸಿಎಲ್ ಕಂಪನಿಯ ಕೈಸೇರಿತು.

ಚೀಟಿ ನೋಡಿ ಗುರುತಿಸಬಹುದೇ ಎಂದೂ ಕೇಳಿದ್ದೀರಿ. ಕಂಪನಿಯನ್ನು ಖಚಿತವಾಗಿ ಹೇಳಲಾಗದು, ಬಗೆಯನ್ನು ಹೇಳಬಹುದು. ಉದ್ದನೆಯ, ಉಬ್ಬಿದ, ಒಳಗೆ ಪಟ್ಟಿಗಳಿರುವ ಪ್ಲಾಸ್ಟಿಕ್ ತುಂಡಾದರೆ 58 ಕಿಲೋಹರ್ಟ್ಸ್ ಬಗೆಯದು. ಬೆಳಕಿಗೆ ಹಿಡಿದಾಗ ಸುರುಳಿ ಸುತ್ತಿದ ಲೋಹದ ಗೆರೆಗಳು ಕಾಣುವ ಚಪ್ಪಟೆ ಚೌಕದ ಸ್ಟಿಕರ್ ಆದರೆ ಚೆಕ್‌ಪಾಯಿಂಟ್ ಬಳಕೆಗೆ ತಂದ 8.2 ಮೆಗಾಹರ್ಟ್ಸ್ ಬಗೆಯದು.