ನೋಡಿ ಹಾಕಿದ ರಂಗೋಲಿ ಕಲೆಯಲ್ಲವೇ?

ನಮಸ್ಕಾರ.

ನಿಮ್ಮ ಪತ್ರದಲ್ಲಿ ಏನಿದೆ ಅಂತ ಉಳಿದ ಓದುಗರಿಗೂ ಚಿಕ್ಕದಾಗಿ ಹೇಳಿಬಿಡುತ್ತೇನೆ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಫ್ಲಾಟಿನ ಬಾಗಿಲ ಮುಂದೆ ದಿನಾ ಬೆಳಗ್ಗೆ ಚುಕ್ಕಿ ರಂಗೋಲಿ ಹಾಕುತ್ತೀರಿ, ಮಧ್ಯಾಹ್ನದೊಳಗೆ ನೆಲ ಒರೆಸುವವರು ಬಂದಾಗ ಅದು ಹೋಗುತ್ತದೆ. ಮನೆಯವರು "ಸ್ಟಿಕ್ಕರ್ ಅಂಟಿಸಿದ್ರೆ ಆಗಲ್ವಾ" ಅನ್ನುತ್ತಾರೆ. ಆದರೆ ನಿಮ್ಮನ್ನು ಜಾಸ್ತಿ ಕಾಡುತ್ತಿರುವುದು ಬೇರೆ. "ಫೋನ್ ನೋಡಿಕೊಂಡು ಹಾಕೋದು, ನನ್ನ ಸ್ವಂತದ್ದು ಒಂದೂ ಇಲ್ಲ, ಇದನ್ನ ಕಲೆ ಅನ್ನಬಹುದಾ?" ಅಂತ ಕೇಳಿದ್ದೀರಿ.

ಖಂಡಿತ ಅನ್ನಬಹುದು. ಯಾಕೆ ಅನ್ನುವುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ, ನೀವು ಸುಮ್ನೆ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗಿದ್ದೀರಿ ಅಷ್ಟೆ. ತಾವರೆ ರಂಗೋಲಿಗೆ 15 ಚುಕ್ಕಿ, 8ರವರೆಗೆ, ಸಂದು ಚುಕ್ಕಿ ಬೇಕಿತ್ತು. ಅಂದರೆ ನಡುವಿನ ಸಾಲಲ್ಲಿ 15, ಅದರ ಮೇಲೂ ಕೆಳಗೂ ಸಾಲಿಗೆ ಒಂದೊಂದು ಕಡಿಮೆ ಮಾಡುತ್ತಾ 8ರವರೆಗೆ, ಪ್ರತಿ ಚುಕ್ಕಿ ಪಕ್ಕದ ಸಾಲಿನ ಎರಡು ಚುಕ್ಕಿಗಳ ಸಂದಿಗೆ. ಚಪ್ಪಲಿ ಸ್ಟ್ಯಾಂಡ್ ಅಡ್ಡ ಬಂತು, ಅದಕ್ಕೆ 7ರಿಂದ 4ಕ್ಕೆ ಇಳಿಸಿಕೊಂಡಿರಿ.

ಲೆಕ್ಕ ಹಾಕಿ ನೋಡಿ. ಮೊದಲನೆಯದರಲ್ಲಿ 169 ಚುಕ್ಕಿ, ನಿಮ್ಮದರಲ್ಲಿ 37. ಫೋನಿನಲ್ಲಿ ಫೋಟೋ ಚಿಕ್ಕದು ಮಾಡಿದ ಹಾಗಲ್ಲ ಇದು. ಯಾವ ಎಸಳು ಇಟ್ಟುಕೊಳ್ಳಬೇಕು, ಯಾವುದು ಬಿಡಬೇಕು, ಬಿಟ್ಟ ಕಡೆ ಗೆರೆ ಯಾವ ಚುಕ್ಕಿಗೆ ಬಂದು ಸೇರಬೇಕು, ಇದನ್ನೆಲ್ಲ ಬೆಳಗ್ಗೆ ಬಗ್ಗಿ ನಿಂತು, ಬೆರಳ ಸಂದಿಯಿಂದ ಪುಡಿ ಬಿಡುತ್ತಲೇ ತೀರ್ಮಾನಿಸಿದವರು ನೀವು. ಸ್ವಂತದ್ದು ಅಂದರೆ ಇದೇ ಅಲ್ವಾ?

ನೋಡಿ ಹಾಕುವುದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಮ್ಮ ಅಜ್ಜಿ, ಅಮ್ಮ ಎಲ್ಲರೂ ನೋಡಿಯೇ ಕಲಿತವರು. ಪಕ್ಕದ ಮನೆ ಅಂಗಳದಲ್ಲಿ ಹೊಸದು ಕಂಡರೆ ನಿಂತು ಚುಕ್ಕಿ ಎಣಿಸಿಕೊಂಡು, ಮನೆಗೆ ಬಂದು ನೋಟ್‌ಬುಕ್ಕಿಗೆ ಇಳಿಸುತ್ತಿದ್ದರು. ಮಾರನೇ ದಿನ ತಮ್ಮ ಅಂಗಳಕ್ಕೆ ಹಾಕುವಾಗ ಒಂದು ಬಳ್ಳಿ ಜಾಸ್ತಿಯಾಗುತ್ತಿತ್ತು, ಒಂದು ಮೂಲೆ ಬದಲಾಗುತ್ತಿತ್ತು. ಇಷ್ಟೊಂದು ರಂಗೋಲಿಗಳು ಹುಟ್ಟಿದ್ದು ಹಾಗೇ.

ನೀವು ಕೋಡ್ ಬರೆಯುವವರು, ಆದ್ದರಿಂದ ಇದನ್ನೂ ಹೇಳಬೇಕು. ಮದ್ರಾಸಿನಲ್ಲಿ ಗಿಫ್ಟ್ ಸಿರೋಮನಿ, ರಾಣಿ ಸಿರೋಮನಿ, ಕಮಲಾ ಕೃತಿವಾಸನ್ ಎಂಬ ಮೂವರು ಸಂಶೋಧಕರು 1974ರಲ್ಲೇ ಕೋಲಂ, ಅಂದರೆ ತಮಿಳರ ರಂಗೋಲಿಯ ಮೇಲೆ ಪ್ರಬಂಧ ಬರೆದರು. ಆ ವಿನ್ಯಾಸಗಳನ್ನು ಕಂಪ್ಯೂಟರ್ ವಿಜ್ಞಾನದಲ್ಲಿ ವ್ಯಾಕರಣ ಅನ್ನುವ, ಚಿಕ್ಕದರಿಂದ ಹಂತಹಂತವಾಗಿ ದೊಡ್ಡದನ್ನು ಕಟ್ಟುವ ನಿಯಮಗಳಿಂದ ಬೆಳೆಸಿ ತೋರಿಸಿದರು. ಬಾಗಿಲ ಮುಂದೆ ಹೆಂಗಸರು ದಿನಾ ಮಾಡುತ್ತಿದ್ದ ಕೆಲಸದಲ್ಲಿ ಅಷ್ಟು ಗಟ್ಟಿ ಲೆಕ್ಕ ಇತ್ತು.

ನೀವೇ ಪರೀಕ್ಷೆ ಮಾಡಬಹುದು. ಎಳೆ ರಂಗೋಲಿಗೆ, ಅಂದರೆ ಗೆರೆ ಚುಕ್ಕಿಗಳನ್ನು ಮುಟ್ಟದೆ ಸುತ್ತಿಕೊಂಡು ಹೋಗುವ ರಂಗೋಲಿಗೆ ಅಂತ 3 ಸಾಲು, ಸಾಲಿಗೆ 4 ಚುಕ್ಕಿ, ಒಂದರ ಕೆಳಗೊಂದು ನೇರವಾಗಿ ಇಡಿ. ಚುಕ್ಕಿಗಳ ನಡುವೆ ಓರೆಯಾಗಿ ಎಳೆ ಒಯ್ಯಿರಿ, ಅಂಚು ಬಂದಾಗ ತಿರುಗಿಸಿ. ಎಲ್ಲ ಚುಕ್ಕಿಯನ್ನೂ ಸುತ್ತಿಕೊಂಡು ಒಂದೇ ಎಳೆ ಹೊರಟ ಜಾಗಕ್ಕೆ ವಾಪಸ್ ಬರುತ್ತದೆ. 4 ಸಾಲು, 4 ಚುಕ್ಕಿ ಮಾಡಿದರೆ ಬರಲ್ಲ, ನಾಲ್ಕು ಬೇರೆ ಬೇರೆ ಎಳೆ ಬೇಕು. ಸಾಲಿನ ಸಂಖ್ಯೆಗೂ ಚುಕ್ಕಿಯ ಸಂಖ್ಯೆಗೂ ಇರುವ ಮಹತ್ತಮ ಸಾಮಾನ್ಯ ಅಪವರ್ತನ ಎಷ್ಟೋ ಅಷ್ಟು ಎಳೆ. ಶಾಲೆಯಲ್ಲಿ ಓದಿದ ಮಸಾಅ!

ಸ್ಟಿಕ್ಕರ್ ಅಂಟಿಸುವವರ ಮೇಲೆ ನನಗೆ ಸಿಟ್ಟಿಲ್ಲ, ಎಲ್ಲರಿಗೂ ಬೆಳಗ್ಗೆ ಪುರುಸೊತ್ತು ಇರಲ್ಲ. ಆದರೆ ನಿಮಗೆ ಅದು ಬೇಡ. ಒರೆಸಿದರೆ ಹೋಗಲಿ ಬಿಡಿ, ನಾಳೆ ಇನ್ನೊಂದು ಹಾಕಲು ಜಾಗವಾಯಿತು.

ಟೈಲ್ಸ್ ಮೇಲೆ ಪುಡಿ ನಿಲ್ಲಲ್ಲ ಅಂದಿದ್ದೀರಿ. ಅಕ್ಕಿಹಿಟ್ಟನ್ನು ನೀರಲ್ಲಿ ತೆಳ್ಳಗೆ ಕಲಸಿ, ಬಟ್ಟೆ ಚೂರು ಅದ್ದಿ ಎಳೆಯಿರಿ, ಒಣಗಿದ ಮೇಲೆ ಗಾಳಿಗೆ ಹಾರಲ್ಲ. ಹಾಗೇ, ಆ 7ರಿಂದ 4ರ ತಾವರೆಯನ್ನು ಚುಕ್ಕಿ ಸಮೇತ ಬರೆದು ನಮಗೆ ಕಳಿಸಿ. ಇಕ್ಕಟ್ಟಾದ ಬಾಗಿಲು ಇರುವವರು ಬಹಳ ಜನ ಇದ್ದಾರೆ, ಅವರಿಗೂ ಬೇಕು.

— ಸಂಪಾದಕ